ಅಚ್ಚಾಗದ ಗೆರೆಗಳು: ಎರ್ಜೆಯ ಪೆನ್ಸಿಲ್ ಕೆಲಸ



ಚಿತ್ರಕಲೆಯ ಕುರಿತು ಸಾರ್ವಜನಿಕರೊಡನೆ ಮಾತನಾಡಬೇಕೆಂಬುದು ಈ ದತ್ತಿಯ ಆಶಯ. ಕಾಮಿಕ್ಸ್ ಆ ಆಶಯಕ್ಕೆ ಹೊರಗಿನದಲ್ಲವೆಂದು ಒಪ್ಪಿ ನನ್ನನ್ನು ಕರೆದಿದ್ದೀರಿ. ಅದಕ್ಕೆ ವಂದನೆಗಳು. ಇವತ್ತು ನಾನು ಮಾತನಾಡಲಿರುವುದು ಬೆಲ್ಜಿಯಂ ದೇಶದ ಜಾರ್ಜ್ ರೆಮಿಯ ಬಗ್ಗೆ. ತನ್ನ ಹೆಸರಿನ ಮೊದಲಕ್ಷರಗಳನ್ನು ಹಿಂದುಮುಂದು ಮಾಡಿ ಅವನು ಇಟ್ಟುಕೊಂಡ ಅಂಕಿತ ಎರ್ಜೆ. ಟಿನ್‌ಟಿನ್ ಎಂಬ ಎಳೆಯ ವರದಿಗಾರ, ಅವನ ಬಿಳಿ ನಾಯಿ, ಸಿಡುಕು ಸ್ವಭಾವದ ಕ್ಯಾಪ್ಟನ್ ಹ್ಯಾಡಕ್, ಇವರನ್ನು ಬಲ್ಲವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದೀರಿ. ಆದ್ದರಿಂದ ಕಥೆಗಳನ್ನು ಮತ್ತೆ ಹೇಳುತ್ತಾ ಕೂರುವುದಿಲ್ಲ. ಅಚ್ಚಾಗಿ ನಮ್ಮ ಕೈಗೆ ಬಂದ ಪುಟಗಳ ಹಿಂದಿದ್ದ ಪೆನ್ಸಿಲ್ ಹಾಳೆಗಳು ನನ್ನ ವಿಷಯ.

ಟಿನ್‌ಟಿನ್ ಪುಸ್ತಕದ ಯಾವುದೇ ಪುಟ ತೆರೆಯಿರಿ. ಎಲ್ಲೆಲ್ಲೂ ಹೆಚ್ಚುಕಡಿಮೆ ಒಂದೇ ದಪ್ಪದ ಗೆರೆ. ನೆರಳಿಲ್ಲ, ಒತ್ತೊತ್ತಾಗಿ ಎಳೆದ ಅಡ್ಡಗೆರೆಗಳಿಲ್ಲ. ಬಣ್ಣ ಹದವಾಗಿ, ಚಪ್ಪಟೆಯಾಗಿ ಕೂತಿದೆ. ಕಾರಿಗೂ ಕುರ್ಚಿಗೂ ಮನುಷ್ಯನ ಮುಖಕ್ಕೂ ಒಂದೇ ಮರ್ಯಾದೆ. ಡಚ್ ಕಲಾವಿದ ಯೋಸ್ಟ್ ಸ್ವಾರ್ಟೆ 1977ರಲ್ಲಿ ಈ ಶೈಲಿಗೆ ‘ಸ್ಪಷ್ಟ ರೇಖೆ’ ಎಂಬ ಅರ್ಥದ ಹೆಸರು ಕೊಟ್ಟ. ಆ ಹೆಸರೇ ಈಗ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಪುಟ ನೋಡಿದವರಿಗೆ, ಇದನ್ನು ಬರೆದವನ ಕೈ ಎಲ್ಲೂ ತಡವರಿಸಲೇ ಇಲ್ಲ ಅನ್ನಿಸುತ್ತದೆ. ಅದೇ ಪುಟದ ಪೆನ್ಸಿಲ್ ಕರಡನ್ನು ನೋಡಿದರೆ ಗಾಬರಿಯಾಗುತ್ತದೆ. ಒಂದು ತೋಳಿಗಾಗಿ ಹತ್ತಾರು ಗೆರೆಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಕೆಲವು ಕಡೆ ಕಾಗದ ಕಪ್ಪಾಗಿ ಹೊಳೆಯುವಷ್ಟು ಪೆನ್ಸಿಲ್ ಉಜ್ಜಿರುತ್ತದೆ.

ಈ ಎರಡು ಹಾಳೆಗಳ ನಡುವೆ ನಡೆದದ್ದೇನು ಎಂಬುದೇ ನನ್ನ ಪ್ರಶ್ನೆ. ನನ್ನ ಮಟ್ಟಿಗೆ ಉತ್ತರ ಇಷ್ಟು: ಎರ್ಜೆಗೆ ಸ್ಕೆಚ್ ಎಂದರೆ ತನಗೆ ಒಂದು ವಸ್ತು ನಿಜವಾಗಿ ಗೊತ್ತಿದೆಯೋ ಇಲ್ಲವೋ ಎಂದು ತಾನೇ ಪರೀಕ್ಷಿಸಿಕೊಳ್ಳುವ ಜಾಗ. ಆ ಪರೀಕ್ಷೆಯನ್ನು ಬಿಟ್ಟ ಕಡೆಗಳಲ್ಲಿ ಅವನ ಚಿತ್ರವೂ ಕೆಟ್ಟಿತು, ಮನುಷ್ಯರ ಬಗೆಗಿನ ಅವನ ನ್ಯಾಯವೂ ಕೆಟ್ಟಿತು. ಈ ಎರಡನೆಯ ಮಾತನ್ನು ಮರೆಮಾಚಿ ಎರ್ಜೆಯನ್ನು ಹೊಗಳುವುದು ಸರಿಯಲ್ಲ.

ಅವನು ಹುಟ್ಟಿದ್ದು 1907ರ ಮೇ 22ರಂದು, ಬ್ರಸೆಲ್ಸ್‌ಗೆ ಸೇರಿದ ಎಟರ್‌ಬೀಕ್‌ನಲ್ಲಿ. ಸುಮ್ಮನೆ ಕೂರದ ಹುಡುಗ. ಕೈಗೆ ಪೆನ್ಸಿಲ್ ಕೊಟ್ಟರೆ ಮಾತ್ರ ಮನೆ ತಣ್ಣಗಿರುತ್ತಿತ್ತಂತೆ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಬ್ರಸೆಲ್ಸನ್ನು ಹಿಡಿದಿದ್ದಾಗ ಶಾಲೆಯ ನೋಟುಪುಸ್ತಕದ ಅಂಚಿನಲ್ಲಿ ಆ ಸೈನಿಕರೊಡನೆ ಸೆಣಸುವ ಹುಡುಗನೊಬ್ಬನ ಚಿತ್ರಗಳನ್ನು ಬರೆಯುತ್ತಿದ್ದ. ಕಲಾಶಾಲೆಯ ಶಿಕ್ಷಣ ಅವನಿಗೆ ದಕ್ಕಲಿಲ್ಲ. ಸೇಂಟ್ ಲೂಕ್ ಶಾಲೆಯ ಸಂಜೆ ತರಗತಿಗೆ ಹೋದಾಗ ಪ್ಲಾಸ್ಟರಿನ ಕಂಬದ ತಲೆಯನ್ನು ಬರೆಯಲು ಕೂರಿಸಿದರು. ಬೇಸರವಾಗಿ ಮತ್ತೆ ಅತ್ತ ಹೋಗಲಿಲ್ಲ. ಕಲಾಶಾಲೆಯಲ್ಲಿ ಪಾಠ ಹೇಳುವವರು ಇದನ್ನು ಮನಸ್ಸಿಗೆ ತೆಗೆದುಕೊಳ್ಳಬೇಕೆಂದು ಪಾಠ ಹೇಳಿದವನಾಗಿಯೇ ಹೇಳುತ್ತಿದ್ದೇನೆ. ಪ್ಲಾಸ್ಟರಿನ ಕಂಬವನ್ನು ಬರೆಯುವುದರಿಂದ ಕಲಿಯುವುದು ಬಹಳ ಇದೆ. ಆದರೆ ಬೀದಿಯನ್ನು ನೋಡುತ್ತಾ ಬೆಳೆದ ಹುಡುಗನಿಗೆ ಮೊದಲ ದಿನವೇ ಕಿಟಕಿ ಮುಚ್ಚಿ ಕಂಬ ತೋರಿಸಬಾರದು.

ಸ್ಕೌಟ್ ಹುಡುಗರ ಮಾಸಿಕವೊಂದರಲ್ಲಿ 1926ರಿಂದ ಅವನ ಮೊದಲ ಚಿತ್ರಕಥೆ ‘ಟೊಟೋರ್’ ಬಂತು. ಚಿತ್ರದ ಕೆಳಗೆ ಉದ್ದುದ್ದ ವಿವರಣೆ ಬರೆಯುವ ಹಳೆಯ ಪದ್ಧತಿ ಅದರಲ್ಲಿತ್ತು. ಆಮೇಲೆ ಮೆಕ್ಸಿಕೋದಿಂದ ಬಂದ ಪತ್ರಿಕೆಗಳಲ್ಲಿ ಅಮೆರಿಕದ ಚಿತ್ರಪಟ್ಟಿಗಳು ಅವನ ಕಣ್ಣಿಗೆ ಬಿದ್ದವು. ಪಾತ್ರದ ಬಾಯಿಂದಲೇ ಹೊರಡುವ ಮಾತಿನ ಬಲೂನು, ಜಾರ್ಜ್ ಮೆಕ್‌ಮಾನಸ್ ಬರೆಯುತ್ತಿದ್ದ ಮುದ್ದಾದ ಮೂಗುಗಳು ಅವನನ್ನು ಹಿಡಿದುಕೊಂಡವು. ಆ ಮೂಗುಗಳನ್ನು ಸಂಕೋಚವಿಲ್ಲದೆ ತೆಗೆದುಕೊಂಡೆ ಎಂಬ ಅರ್ಥದ ಮಾತನ್ನು ಅವನೇ ಮುಂದೆ ಆಡಿದ್ದಾನೆ. ಫ್ರಾನ್ಸಿನ ಬೆಂಜಮಿನ್ ರಾಬಿಯೆಯಿಂದ ಪ್ರಾಣಿಗಳ ಸರಳ ಹೊರರೇಖೆ ಮತ್ತು ಒಳಗಿನ ಚಪ್ಪಟೆ ಬಣ್ಣ ಬಂತು. ಅಲೆನ್ ಸೆಂಟ್‌ಓಗಾನನ ‘ಜಿಗ್ ಮತ್ತು ಪ್ಯೂಸ್’ ಚಿತ್ರಕಥೆಯಿಂದ ಓದಿಸಿಕೊಂಡು ಹೋಗುವ ಹದ ಬಂತು. ಮೂಕಿ ಸಿನಿಮಾದ ಬೀಳು, ಏಳು, ಓಡು ಅವನ ಕಣ್ಣೊಳಗೆ ಮೊದಲೇ ಇತ್ತು. ಒಬ್ಬ ಕಲಾವಿದನ ಪ್ರೇರಣೆಗಳನ್ನು ಕೇಳಿದಾಗ ದೊಡ್ಡ ದೊಡ್ಡ ಹೆಸರು ಬರಲಿ ಎಂದು ಬಯಸುತ್ತೇವೆ. ಎರ್ಜೆಯ ಮೊದಲ ಗುರುಗಳು ಮೂಗು, ನಾಯಿಯ ಬಾಲ, ಓಡುವವನ ಹಿಮ್ಮಡಿ. ಅದರಲ್ಲಿ ಕೀಳುಮಟ್ಟದ್ದು ಏನೂ ಇಲ್ಲ.

ಟಿನ್‌ಟಿನ್ ಕಾಣಿಸಿಕೊಂಡದ್ದು 1929ರ ಜನವರಿ 10ರಂದು, ಬ್ರಸೆಲ್ಸಿನ ಕ್ಯಾಥಲಿಕ್ ದಿನಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ. ಮೊದಲ ಕಥೆ ಸೋವಿಯತ್ ರಷ್ಯಾದಲ್ಲಿ ನಡೆಯುತ್ತದೆ. ಎರ್ಜೆ ಅಲ್ಲಿಗೆ ಹೋಗಿರಲಿಲ್ಲ. ಕೈಯಲ್ಲಿದ್ದ ಮುಖ್ಯ ಆಧಾರ ಮಾಜಿ ರಾಜತಾಂತ್ರಿಕನೊಬ್ಬ ಬರೆದ ಸೋವಿಯತ್ ವಿರೋಧಿ ಪುಸ್ತಕ. ಎರಡನೆಯದು ಕಾಂಗೋ. ಅದು ಆಗ ಬೆಲ್ಜಿಯಂನ ವಸಾಹತು. ಅಲ್ಲಿಗೂ ಹೋಗಲಿಲ್ಲ. ಪತ್ರಿಕೆಯ ಮುಖ್ಯಸ್ಥನಾಗಿದ್ದ ಪಾದ್ರಿಯ ವಸಾಹತುಶಾಹಿ ಉತ್ಸಾಹ, ಬ್ರಸೆಲ್ಸಿನ ಜನ ಆಫ್ರಿಕದ ಬಗ್ಗೆ ಆಡಿಕೊಳ್ಳುತ್ತಿದ್ದ ಮಾತು, ಮ್ಯೂಸಿಯಂನಲ್ಲಿ ಇಟ್ಟಿದ್ದ ವಸ್ತುಗಳು ಅವನಿಗೆ ಸಾಕೆನಿಸಿದವು. ಆ ಪುಸ್ತಕದಲ್ಲಿ ಆಫ್ರಿಕದ ಮನುಷ್ಯರ ಮುಖಗಳನ್ನು ನೋಡಿ. ಎಲ್ಲರದ್ದೂ ಒಂದೇ ಅಚ್ಚು. ಒಬ್ಬರನ್ನಾದರೂ ಎದುರಿಗೆ ಕೂರಿಸಿಕೊಂಡು ಬರೆದ ಕುರುಹಿಲ್ಲ. ಅವಮಾನ ಕಥೆಯಲ್ಲಿ ಎಷ್ಟಿದೆಯೋ ಗೆರೆಯಲ್ಲೂ ಅಷ್ಟೇ ಇದೆ. 1946ರ ಬಣ್ಣದ ಆವೃತ್ತಿಯಲ್ಲಿ ಕೆಲವು ಭಾಗ ತಿದ್ದಿದ. ಮೊದಲು ಟಿನ್‌ಟಿನ್ ಕಾಂಗೋದ ಮಕ್ಕಳಿಗೆ ಬೆಲ್ಜಿಯಂ ನಿಮ್ಮ ತಾಯ್ನಾಡು ಎಂದು ಪಾಠ ಹೇಳುತ್ತಿದ್ದ. ಆ ಜಾಗದಲ್ಲಿ ಲೆಕ್ಕದ ಪಾಠ ಬಂತು. ಮುಖಗಳು ಮಾತ್ರ ಹಾಗೆಯೇ ಉಳಿದವು. ಮಕ್ಕಳ ಕೈಗೆ ಆ ಪುಸ್ತಕವನ್ನು ವಿವರಣೆಯಿಲ್ಲದೆ ಕೊಡಬಾರದೆಂದು ನಾನು ನಂಬುತ್ತೇನೆ.

ಇಲ್ಲಿಂದ ಎರ್ಜೆಯನ್ನು ಮೇಲೆತ್ತಿದ್ದು ಒಂದು ಸ್ನೇಹ. ಮುಂದಿನ ಕಥೆ ಚೀನಾದಲ್ಲಿ ನಡೆಯುತ್ತದೆಂದು ಪತ್ರಿಕೆಯಲ್ಲಿ ಪ್ರಕಟವಾದಾಗ, ಲೂವೆನ್ ವಿಶ್ವವಿದ್ಯಾಲಯದಲ್ಲಿ ಚೀನೀ ವಿದ್ಯಾರ್ಥಿಗಳ ಯೋಗಕ್ಷೇಮ ನೋಡಿಕೊಳ್ಳುತ್ತಿದ್ದ ಪಾದ್ರಿಯೊಬ್ಬರು ಅವನಿಗೆ ಪತ್ರ ಬರೆದರು. ಗೊತ್ತಿಲ್ಲದೆ ಬರೆದು ಆ ಹುಡುಗರ ಮನಸ್ಸು ನೋಯಿಸಬೇಡ, ಮೊದಲು ತಿಳಿದುಕೋ ಎಂಬುದು ಪತ್ರದ ಸಾರ. ಬ್ರಸೆಲ್ಸಿನ ರಾಯಲ್ ಅಕಾಡೆಮಿಯಲ್ಲಿ ಕಲಿಯುತ್ತಿದ್ದ ಶಿಲ್ಪಿ ಚಾಂಗ್ ಚೊಂಗ್‌ರೆನ್‌ನ ಪರಿಚಯ ಆದದ್ದು ಹೀಗೆ. ಇಬ್ಬರೂ 1907ರಲ್ಲಿ ಹುಟ್ಟಿದವರು. ಮೊದಲ ಭೇಟಿ 1934ರ ಮೇ 1ರಂದು. ಆಮೇಲೆ ಭಾನುವಾರಗಳಂದು ಚಾಂಗ್ ಎರ್ಜೆಯ ಮನೆಗೆ ಬರತೊಡಗಿದ.

ಆ ಭಾನುವಾರಗಳಲ್ಲಿ ನಡೆದದ್ದನ್ನು ನಾನು ಮತ್ತೆ ಮತ್ತೆ ಊಹಿಸಿಕೊಳ್ಳುತ್ತೇನೆ. ಎರ್ಜೆಗೆ ಆಗಲೇ ಹೆಸರಿತ್ತು, ಓದುಗರಿದ್ದರು. ಹಾಗಿದ್ದೂ ತನ್ನದೇ ವಯಸ್ಸಿನ ವಿದ್ಯಾರ್ಥಿಯ ಮುಂದೆ ಕುಂಚ ಹಿಡಿದು ಕೂತ. ಚಾಂಗ್ ಚೀನೀ ಕುಂಚಗಳನ್ನು ತಂದುಕೊಟ್ಟ. ಮರ, ಕಲ್ಲು, ಹುಲ್ಲು, ನೀರು ಬರೆಯುವ ಕ್ರಮವನ್ನು ಕಲಿಸಿದ. ಚೀನೀ ಚಿತ್ರಕಲೆಯಲ್ಲಿ ಗಾಳಿ ಮತ್ತು ಎಲುಬು ಎಂಬ ಜೋಡಿ ಕಲ್ಪನೆಯೊಂದಿದೆ. ಚಿತ್ರದಲ್ಲಿ ಸುಳಿಯುವ ಸ್ಫೂರ್ತಿ ಗಾಳಿ, ಅದನ್ನು ಎತ್ತಿ ನಿಲ್ಲಿಸುವ ಗಟ್ಟಿ ಗೆರೆ ಎಲುಬು. ಇದನ್ನು ತನಗೆ ಕಲಿಸಿದವನು ಚಾಂಗ್ ಎಂದು ಎರ್ಜೆ ದಶಕಗಳ ಮೇಲೂ ನೆನೆಯುತ್ತಿದ್ದ. ಅಲ್ಲಿಯವರೆಗೆ ಅವನ ಚಿತ್ರಗಳಲ್ಲಿ ಗಾಳಿ ಬೇಕಾದಷ್ಟಿತ್ತು. ಎಲುಬು ಬಂದದ್ದು ಆಮೇಲೆ.

1934–35ರಲ್ಲಿ ಧಾರಾವಾಹಿಯಾಗಿ ಬಂದು 1936ರಲ್ಲಿ ಪುಸ್ತಕವಾದ ‘ನೀಲಿ ಕಮಲ’ದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಶಾಂಘೈನ ಬೀದಿಗಳಲ್ಲಿ ಅಂಗಡಿಯ ಹಲಗೆ, ಗೋಡೆಬರಹ, ದೀಪದ ಗೂಡು ಎಲ್ಲವೂ ಅವುಗಳ ಜಾಗದಲ್ಲಿವೆ. ಚೀನೀ ಅಕ್ಷರಗಳನ್ನು ಬರೆದವನು ಚಾಂಗ್. ಯೂರೋಪಿನ ಓದುಗರಿಗೆ ಅವು ಅಲಂಕಾರದಂತೆ ಕಂಡವು. ಓದಬಲ್ಲವರಿಗೆ ಅವು ಸಾಮ್ರಾಜ್ಯಶಾಹಿಯನ್ನು ಧಿಕ್ಕರಿಸುವ, ಜಪಾನಿನ ಸರಕನ್ನು ಬಹಿಷ್ಕರಿಸಿ ಎನ್ನುವ ಘೋಷಣೆಗಳು. 1931ರಲ್ಲಿ ಜಪಾನೀ ಸೇನೆ ಮುಕ್ಡೆನ್ ಬಳಿಯ ರೈಲುಹಳಿಯ ಮೇಲೆ ಸ್ಫೋಟ ನಡೆಸಿ, ಆ ನೆಪದಲ್ಲಿ ಮಂಚೂರಿಯಾದೊಳಗೆ ನುಗ್ಗಿದ್ದು ಕಥೆಯೊಳಗೆ ನೇರವಾಗಿ ಬಂದಿದೆ. ಪಶ್ಚಿಮದ ಪತ್ರಿಕೆಗಳು ಬಹುಮಟ್ಟಿಗೆ ಜಪಾನಿನ ಮಾತನ್ನೇ ನಂಬುತ್ತಿದ್ದ ಹೊತ್ತಿನಲ್ಲಿ ಮಕ್ಕಳ ಚಿತ್ರಕಥೆಯೊಂದು ಇನ್ನೊಂದು ಬದಿಯನ್ನು ಹೇಳಿತು. ಚೀನಾದವರ ಬಗ್ಗೆ ಯೂರೋಪಿನಲ್ಲಿರುವ ತಪ್ಪು ಕಲ್ಪನೆಗಳ ಕುರಿತು ಟಿನ್‌ಟಿನ್ ಮತ್ತು ಚಾಂಗ್ ಎಂಬ ಹುಡುಗ ಮಾತಾಡಿಕೊಂಡು ನಗುವ ಪುಟವೂ ಇದರಲ್ಲೇ ಇದೆ. ಎರ್ಜೆ ಪೂರ್ತಿ ಬದಲಾದನೆಂದು ಮಾತ್ರ ಹೇಳಲಾರೆ. ಚೀನೀಯರಿಗೆ ಸಿಕ್ಕ ನ್ಯಾಯ ಅದೇ ಪುಸ್ತಕದ ಜಪಾನೀಯರಿಗೆ ಸಿಗಲಿಲ್ಲ. ಅವರ ಹಲ್ಲು, ಕನ್ನಡಕಗಳನ್ನು ಹಳೆಯ ವ್ಯಂಗ್ಯದ ಅಚ್ಚಿನಲ್ಲೇ ಬರೆದ. ಅವರಲ್ಲೊಬ್ಬರೂ ಅವನ ಮನೆಗೆ ಬಂದು ಕೂತಿರಲಿಲ್ಲ.

ಈಗ ಕೆಲಸದ ಕೋಣೆಗೆ ಬರೋಣ. ವಿದ್ಯಾರ್ಥಿಗಳು ಕೇಳಬೇಕೆಂದು ನಾನು ಹೆಚ್ಚು ಬಯಸುವ ಭಾಗ ಇದು.

ಎರ್ಜೆಯ ಕಥೆ ಹುಟ್ಟುವುದು ಬರಹದ ಟಿಪ್ಪಣಿಗಳಲ್ಲಿ. ಆಮೇಲೆ ಚಿಕ್ಕ ಚಿಕ್ಕ ಚೌಕಟ್ಟುಗಳ ಕಚ್ಚಾ ಪುಟ. ಅದರಲ್ಲಿ ಮನುಷ್ಯರು ಬರೀ ಗೀಚು. ಆದರೆ ಯಾರು ಎಡಕ್ಕೆ, ಯಾರು ಬಲಕ್ಕೆ, ಬಲೂನಿನಲ್ಲಿ ಎಷ್ಟು ಮಾತು, ಪುಟದ ಕೊನೆಯ ಚೌಕದಲ್ಲಿ ಯಾವ ಕುತೂಹಲ ಎಂಬುದು ಆಗಲೇ ತೀರ್ಮಾನವಾಗುತ್ತದೆ. ವಾರವಾರ ಓದುವವರನ್ನು ಮುಂದಿನ ವಾರದ ತನಕ ಹಿಡಿದಿಡಬೇಕಾದ ಕಥೆ ಅದು. ಓದುವ ಕಣ್ಣು ಎಡದಿಂದ ಬಲಕ್ಕೆ ಸಾಗುತ್ತದೆ, ಹಾಗಾಗಿ ಓಡುವವನೂ ಆ ದಿಕ್ಕಿಗೇ ಓಡಿದರೆ ವೇಗ ಹೆಚ್ಚುತ್ತದೆ ಎಂಬ ಲೆಕ್ಕ ಅವನಿಗಿತ್ತು.

ಆಮೇಲೆ ದೊಡ್ಡ ಹಾಳೆ. ಇಲ್ಲಿ ಅವನು ಪೆನ್ಸಿಲನ್ನು ಒತ್ತಿ, ರೋಷದಿಂದ ಬರೆಯುತ್ತಿದ್ದ. ಗೀಚುವುದು, ಅಳಿಸುವುದು, ಅದರ ಮೇಲೇ ಮತ್ತೆ ಗೀಚುವುದು. ಕೆಲವೊಮ್ಮೆ ಕಾಗದ ತೂತಾಗುವಷ್ಟು ಆ ಸೆಣಸಾಟ ನಡೆಯುತ್ತಿತ್ತೆಂದು ನುಮಾ ಸಾದೂಲ್‌ಗೆ ಕೊಟ್ಟ ದೀರ್ಘ ಸಂದರ್ಶನದಲ್ಲಿ ಅವನೇ ವಿವರಿಸಿದ್ದಾನೆ. ಭಂಗಿ ಸಿಗದಿದ್ದರೆ ತಾನೇ ಎದ್ದು ಆ ಭಂಗಿಯಲ್ಲಿ ನಿಲ್ಲುತ್ತಿದ್ದ, ಇಲ್ಲವೇ ಸ್ಟುಡಿಯೋದ ಸಹಾಯಕರನ್ನು ನಿಲ್ಲಿಸುತ್ತಿದ್ದ. ಬೀಳುವ ಮನುಷ್ಯನ ಮೈತೂಕ ಯಾವ ಕಾಲಿನ ಮೇಲಿರುತ್ತದೆ, ಕೋಪ ಬಂದಾಗ ಕುತ್ತಿಗೆ ಭುಜದೊಳಗೆ ಎಷ್ಟು ಇಳಿಯುತ್ತದೆ ಎಂಬುದನ್ನು ಮೈಯಿಂದ ತಿಳಿದು ಕೈಗೆ ತರಬೇಕಾಗಿತ್ತು.

ಗೆರೆಗಳ ಆ ಕಾಡು ಬೆಳೆದಾದ ಮೇಲೆ ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸುತ್ತಿದ್ದ. ಹತ್ತಾರು ಗೆರೆಗಳಲ್ಲಿ ಹೆಚ್ಚು ಬಳುಕು, ಹೆಚ್ಚು ಭಾವ, ಹೆಚ್ಚು ಚಲನೆ ಇರುವ ಒಂದನ್ನು ಆರಿಸಿ, ಅದೊಂದನ್ನೇ ಮೇಲಕ್ಕೆ ಎತ್ತಿಕೊಳ್ಳುತ್ತಿದ್ದ. ಅದು ಇನ್ನೊಂದು ಶುದ್ಧ ಹಾಳೆಗೆ ಇಳಿದು, ಅಲ್ಲಿ ಮಸಿ ಕಾಣುತ್ತಿತ್ತು. ಟ್ರೇಸಿಂಗ್ ಎಂದರೆ ನಕಲು, ಸೋಮಾರಿಗಳ ಕೆಲಸ ಎಂದು ನಮ್ಮ ಶಾಲೆಗಳಲ್ಲಿ ಮಕ್ಕಳನ್ನು ಗದರಿಸುವುದುಂಟು. ಎರ್ಜೆ ಟ್ರೇಸ್ ಮಾಡಿದ್ದು ತನ್ನದೇ ಹುಡುಕಾಟವನ್ನು. ಅತ್ಯಂತ ಕಷ್ಟದ ತೀರ್ಮಾನ ನಡೆಯುತ್ತಿದ್ದದ್ದು ಆ ಪಾರದರ್ಶಕ ಕಾಗದದ ಮೇಲೆಯೇ. ಬರೆಯುವವನು ಅಲ್ಲಿ ತೀರ್ಪುಗಾರನಾಗುತ್ತಾನೆ. ಭತ್ತ ತೂರುವಾಗ ಜೊಳ್ಳು ಹಾರಿ ಕಾಳು ನಿಲ್ಲುವ ಹಾಗೆ, ಬೇಡದ ಗೆರೆಗಳೆಲ್ಲ ಕೆಳಗಿನ ಹಾಳೆಯಲ್ಲೇ ಉಳಿಯುತ್ತವೆ.

1950ರಲ್ಲಿ ಸ್ಟುಡಿಯೋ ಎರ್ಜೆ ಶುರುವಾದ ಮೇಲೆ ಹಿನ್ನೆಲೆಯ ಕಟ್ಟಡ, ವಾಹನ, ಯಂತ್ರಗಳನ್ನು ಬಾಬ್ ಡಿ ಮೂರ್, ರೋಜರ್ ಲೆಲೂ ಮೊದಲಾದವರು ಬರೆದರು. ಬಣ್ಣಕ್ಕೆ ಬೇರೆ ಕೈಗಳಿದ್ದವು. ಪಾತ್ರಗಳ ಪೆನ್ಸಿಲ್ ಕೆಲಸವನ್ನು ಮಾತ್ರ ಎರ್ಜೆ ತನ್ನ ಕೈಯಲ್ಲೇ ಇಟ್ಟುಕೊಂಡ. ಅದಕ್ಕೆ ಕಾರಣ ಈಗ ನಿಮಗೆ ಹೊಳೆದಿರಬೇಕು.

ಈ ಹುಡುಕಾಟ ಎಲ್ಲಿಗೆ ಮುಟ್ಟಬಲ್ಲದು ಎಂಬುದಕ್ಕೆ 1941ರ ‘ಚಿನ್ನದ ಕೊಂಡಿಗಳ ಏಡಿ’ ಪುಸ್ತಕದ ಒಂದು ಚೌಕ ನೋಡಬೇಕು. ಮರುಭೂಮಿಯಲ್ಲಿ ಕ್ಯಾಪ್ಟನ್ ಹ್ಯಾಡಕ್ ಕೂಗಾಡುತ್ತಾ ನುಗ್ಗಿದಾಗ ಬಂದೂಕುಧಾರಿ ದರೋಡೆಕೋರರು ಬೆದರಿ ಪಲಾಯನ ಮಾಡುತ್ತಾರೆ. ಒಬ್ಬ ಇನ್ನೂ ಮಲಗಿದ್ದಾನೆ, ಮತ್ತೊಬ್ಬ ಏಳುತ್ತಿದ್ದಾನೆ, ಮಗದೊಬ್ಬ ಓಡಲು ಶುರುಮಾಡಿದ್ದಾನೆ, ಮುಂದಿನವನು ದೂರ ಓಡಿಹೋಗಿದ್ದಾನೆ. ಬೇರೆ ಬೇರೆ ಮನುಷ್ಯರೆಂದು ನೋಡಿದರೂ ಸರಿ, ಒಬ್ಬನೇ ಮನುಷ್ಯನ ಚಲನೆಯ ಹಂತಗಳೆಂದು ನೋಡಿದರೂ ಸರಿ. ತಾನು ಬರೆದವುಗಳಲ್ಲಿ ತೃಪ್ತಿ ಕೊಟ್ಟ ಎರಡು ಚಿತ್ರಗಳನ್ನು ಹೆಸರಿಸುವಾಗ ಎರ್ಜೆ ಇದನ್ನು ಸೇರಿಸಿದ್ದ. ಪೆನ್ಸಿಲ್ ಹಾಳೆಯಲ್ಲಿ ಒಂದರ ಮೇಲೊಂದು ಬಿದ್ದಿರುವ ಗೆರೆಗಳನ್ನು ಪಕ್ಕಪಕ್ಕಕ್ಕೆ ಬಿಡಿಸಿಟ್ಟರೆ ಇಂಥ ಚೌಕ ಆಗುತ್ತದೆಂದು ನನಗನ್ನಿಸುತ್ತದೆ.

ಈ ಪುಸ್ತಕ ಬಂದ ಕಾಲದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಎರಡನೇ ಮಹಾಯುದ್ಧದಲ್ಲಿ ಬೆಲ್ಜಿಯಂ ಮತ್ತೆ ಜರ್ಮನರ ವಶವಾದಾಗ ಎರ್ಜೆ ಅವರ ಹತೋಟಿಯಲ್ಲಿದ್ದ ‘ಲ ಸ್ವಾರ್’ ಪತ್ರಿಕೆಗೆ ಚಿತ್ರಕಥೆ ಬರೆದ. ಬಿಡುಗಡೆಯ ನಂತರ ಅದಕ್ಕಾಗಿ ಬಂಧನ, ವಿಚಾರಣೆಗಳನ್ನು ಎದುರಿಸಿದ, ಎರಡು ವರ್ಷ ಪತ್ರಿಕೆಗಳಲ್ಲಿ ಬರೆಯುವಂತಿರಲಿಲ್ಲ. ಅವನ ಕಲೆಯನ್ನು ಪ್ರೀತಿಸುವವರು ಈ ಆಯ್ಕೆಯನ್ನು ಸಮರ್ಥಿಸಬೇಕಾಗಿಲ್ಲ. ನಾನು ಸಮರ್ಥಿಸುವುದಿಲ್ಲ.

ಚಾಂಗ್ ಕಲಿಸಿದ ಪಾಠ ಮುಂದೆ ಒಂದು ಅಭ್ಯಾಸವೇ ಆಯಿತು. ಪತ್ರಿಕೆ, ನಿಯತಕಾಲಿಕಗಳಿಂದ ಕತ್ತರಿಸಿದ ಚಿತ್ರಗಳನ್ನು ವಿಷಯವಾರು ಕಡತಗಳಲ್ಲಿ ಜೋಡಿಸಿಡುತ್ತಿದ್ದ. ‘ಮುರಿದ ಕಿವಿ’ ಕಥೆಯ ವಿಗ್ರಹಕ್ಕೆ ಮೂಲ ಬ್ರಸೆಲ್ಸಿನ ಸಿಂಕ್ವಾಂಟನೇರ್ ಮ್ಯೂಸಿಯಂನಲ್ಲಿರುವ ಪೆರುವಿನ ಚಿಮು ಜನರ ಮರದ ಪ್ರತಿಮೆ. ಹ್ಯಾಡಕ್‌ನ ಬಂಗಲೆ ಫ್ರಾನ್ಸಿನ ಶೆವೆರ್ನಿ ಅರಮನೆ, ಎರಡೂ ತುದಿಯ ಭಾಗಗಳನ್ನು ಕಳೆದು ಬರೆದದ್ದು. ‘ಏಳು ಸ್ಫಟಿಕ ಗೋಲ’ಗಳಿಗಾಗಿ ಎರ್ಜೆ ಮತ್ತು ಅವನ ಜೊತೆಗಾರ ಎಡ್ಗರ್ ಜೇಕಬ್ಸ್ ಬ್ರಸೆಲ್ಸಿನ ಹೊರವಲಯದಲ್ಲಿ ಒಂದು ಬಂಗಲೆಯ ಎದುರು ನಿಂತು ಸ್ಕೆಚ್ ಮಾಡಿಕೊಂಡರು. ಕೆಲಸ ಮುಗಿದ ಹೊತ್ತಿಗೆ ಜರ್ಮನ್ ಸೈನಿಕರ ಕಾರುಗಳು ಅದೇ ಮನೆಗೆ ಬಂದು ನಿಂತವು. ಜರ್ಮನರು ಆಕ್ರಮಿಸಿಕೊಂಡಿದ್ದ ಮನೆಯದು. ಸ್ವಲ್ಪ ತಡವಾಗಿದ್ದರೆ ಪೆನ್ಸಿಲ್ ಹಿಡಿದು ನಿಂತದ್ದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು.

ಹಡಗಿನ ಕಥೆಗಾಗಿ ಡಿ ಮೂರ್ ಜೊತೆ ಆಂಟ್‌ವರ್ಪ್‌ನಿಂದ ಸ್ವೀಡನ್ನಿನ ಗೋಟೆಬೋರ್ಗ್ ತನಕ ಸರಕು ಹಡಗಿನಲ್ಲಿ ಪಯಣಿಸಿ ಹಗ್ಗ, ಏಣಿ, ಕ್ಯಾಬಿನ್ನುಗಳನ್ನು ಬರೆದುಕೊಂಡ. ಚಂದ್ರಯಾನದ ಎರಡು ಪುಸ್ತಕಗಳು ಬಂದದ್ದು 1953 ಮತ್ತು 1954ರಲ್ಲಿ, ಮನುಷ್ಯ ಚಂದ್ರನ ಮೇಲೆ ಇಳಿಯುವುದಕ್ಕೆ ಹದಿನೈದು ವರ್ಷ ಮೊದಲು. ಅದಕ್ಕಾಗಿ ರಾಕೆಟ್ಟಿನ ಬಿಚ್ಚಿ ನೋಡಬಹುದಾದ ಮಾದರಿಯೊಂದನ್ನು ಮಾಡಿಸಿದ. ಯಾವ ಗುಂಡಿ ಯಾವ ಗೋಡೆಯಲ್ಲಿದೆ ಎಂಬುದು ಪುಟದಿಂದ ಪುಟಕ್ಕೆ ತಪ್ಪಬಾರದಲ್ಲ. ಬಾಹ್ಯಾಕಾಶ ಯಾನದ ಬಗ್ಗೆ ಪುಸ್ತಕ ಬರೆದಿದ್ದ ಅಲೆಕ್ಸಾಂಡರ್ ಅನನೋಫ್‌ಗೆ ಆ ಮಾದರಿಯನ್ನು ಪ್ಯಾರಿಸ್‌ಗೆ ಒಯ್ದು ತೋರಿಸಿ ಅಭಿಪ್ರಾಯ ಕೇಳಿದ.

ಇಷ್ಟೆಲ್ಲ ಹೇಳಿದ ಮೇಲೆ ಇದರ ಇನ್ನೊಂದು ಮುಖವನ್ನೂ ಹೇಳಬೇಕು. 1938ರಲ್ಲಿ ಪುಸ್ತಕವಾಗಿ ಬಂದ ‘ಕಪ್ಪು ದ್ವೀಪ’ ಬ್ರಿಟನ್ನಿನಲ್ಲಿ ನಡೆಯುವ ಕಥೆ. ಇಂಗ್ಲಿಷ್ ಅನುವಾದಕ್ಕೆ ಮುನ್ನ ಲಂಡನ್ನಿನ ಮೆಥ್ಯೂನ್ ಪ್ರಕಾಶನ ಅದರಲ್ಲಿ 131 ತಪ್ಪುಗಳನ್ನು ಪಟ್ಟಿ ಮಾಡಿ ಕಳಿಸಿತು. ಡಿ ಮೂರ್ 1961ರಲ್ಲಿ ಅಲ್ಲಿಗೆ ಹೋಗಿ ರೈಲು, ರಸ್ತೆ, ಪೊಲೀಸರ ಉಡುಗೆಗಳನ್ನು ಸ್ಕೆಚ್ ಮಾಡಿಕೊಂಡು ಬಂದ. ಇಡೀ ಪುಸ್ತಕವನ್ನು ಹೊಸದಾಗಿ ಬರೆದು 1966ರಲ್ಲಿ ಹೊರತಂದರು. ಎಲ್ಲ ವಿವರವೂ ಸರಿಯಾಯಿತು. ಹಳೆಯದನ್ನು ಪಕ್ಕದಲ್ಲಿಟ್ಟು ನೋಡಿದರೆ ನನಗೆ ಹಳೆಯದೇ ಇಷ್ಟ. ಅದರ ಮಂಜಿನಲ್ಲಿ, ಸಮುದ್ರದ ಕಪ್ಪಿನಲ್ಲಿ ಒಂದು ತುರ್ತಿದೆ. ಹೊಸದರಲ್ಲಿ ವಿಮಾನದ ಪ್ರತಿ ಮೊಳೆಯೂ ಕಾಣುತ್ತದೆ, ಹುಡುಗನ ಭಯ ಕಾಣುವುದಿಲ್ಲ. ಮೊದಲ ಸಲ ಬರೆಯುವಾಗ ಎರ್ಜೆಗೆ ದ್ವೀಪ ಗೊತ್ತಿರಲಿಲ್ಲ, ದ್ವೀಪಕ್ಕೆ ಹೋಗುವವನ ಎದೆಬಡಿತ ಗೊತ್ತಿತ್ತು. ಎರಡನೆಯ ಸಲ ಸ್ಕೆಚ್ ಮಾಡಿದ ಕೈ ಬೇರೆಯವರದು. ವಿವರವನ್ನು ಇನ್ನೊಬ್ಬರಿಂದ ತರಿಸಿಕೊಳ್ಳಬಹುದು. ನೋಡುವಾಗ ಒಳಗೆ ಆಗುವ ಕದಲಿಕೆಯನ್ನು ತರಿಸಿಕೊಳ್ಳಲಾಗದು.

ಇದಕ್ಕೆ ವ್ಯತಿರಿಕ್ತವಾಗಿ ನಿಲ್ಲುವುದು 1960ರ ‘ಟಿಬೆಟ್‌ನಲ್ಲಿ ಟಿನ್‌ಟಿನ್’. ಟಿಬೆಟ್‌ಗೂ ಎರ್ಜೆ ಹೋಗಲಿಲ್ಲ. ಆದರೆ ಆ ಪುಸ್ತಕ ಬರೆಯುವ ದಿನಗಳಲ್ಲಿ ಅವನ ಮದುವೆ ಮುರಿಯುತ್ತಿತ್ತು. ರಾತ್ರಿಯ ಕನಸುಗಳಲ್ಲಿ ಎಲ್ಲವೂ ಬೆಳ್ಳಗಾಗಿ ಬೆದರಿಸುತ್ತಿತ್ತು. ಜ್ಯೂರಿಚ್‌ನ ಮನೋವಿಶ್ಲೇಷಕ ರಿಕ್ಲಿನ್ ಅವನಿಗೆ ಕೆಲಸ ನಿಲ್ಲಿಸಲು ಸಲಹೆ ಕೊಟ್ಟರು. ಅವನು ಆ ಸಲಹೆಯನ್ನು ಬದಿಗಿಟ್ಟು ಪುಸ್ತಕ ಮುಗಿಸಿದ. ಕಥೆಯಲ್ಲಿ ಖಳನಾಯಕನಿಲ್ಲ. ವಿಮಾನ ಅಪಘಾತದಲ್ಲಿ ಕಳೆದುಹೋದ ಗೆಳೆಯನನ್ನು ಟಿನ್‌ಟಿನ್ ಹಿಮದಲ್ಲಿ ಹುಡುಕುತ್ತಾನೆ. ಆ ಗೆಳೆಯನ ಹೆಸರು ಚಾಂಗ್. ನಿಜವಾದ ಚಾಂಗ್ 1935ರಲ್ಲಿ ಊರಿಗೆ ಮರಳಿದ್ದ. ಯುದ್ಧ, ಕ್ರಾಂತಿಗಳ ನಡುವೆ ಇಬ್ಬರಿಗೂ ಸಂಪರ್ಕ ತಪ್ಪಿಹೋಗಿತ್ತು.

ಚಿತ್ರಗಾರನಾಗಿ ನೋಡಿದರೆ ಆ ಪುಸ್ತಕದ ಸವಾಲು ಭಯಂಕರ. ಹಿಮವೆಂದರೆ ಬಹುಪಾಲು ಖಾಲಿ ಕಾಗದ. ನೆರಳು ಬಳಸುವುದಿಲ್ಲವೆಂದು ವ್ರತ ತೊಟ್ಟವನು ಆ ಬಿಳುಪಿನಲ್ಲಿ ಇಳಿಜಾರು, ಕಂದಕ, ದೂರಗಳನ್ನು ಕೆಲವೇ ಗೆರೆಗಳಲ್ಲಿ ತೋರಿಸಬೇಕು. ಕಥೆ ಹಿಮಕ್ಕೆ ಏರುವ ಮುನ್ನ ದೆಹಲಿಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಕುತುಬ್ ಮಿನಾರ್, ಕೆಂಪುಕೋಟೆ, ದಾರಿಗೆ ಅಡ್ಡ ನಿಂತ ಹಸು, ಅದರೊಡನೆ ಹ್ಯಾಡಕ್‌ನ ಫಜೀತಿ ಅಲ್ಲಿವೆ. ಅದಕ್ಕೂ ಹಳೆಯದಾದ ‘ಫೇರೋವಿನ ಚುಟ್ಟಾಗಳು’ ಕಥೆಯ ಭಾರತದಲ್ಲಿ ಮಹಾರಾಜ, ಫಕೀರ, ಹುಲಿ ಎಂಬ ಪೇಟೆಯ ಸರಕೇ ತುಂಬಿತ್ತು. ಕಾಲು ಶತಮಾನದಲ್ಲಿ ಆ ಕಣ್ಣು ಎಷ್ಟು ದೂರ ಬಂತೆಂದು ನಾವು, ಭಾರತದ ಓದುಗರು, ನೇರವಾಗಿ ಅಳೆಯಬಹುದು.

ಅರುವತ್ತರ ದಶಕದ ಆರಂಭದಲ್ಲಿ ಅವನು ಲೂಯಿ ವಾನ್ ಲಿಂಟ್ ಎಂಬ ಕಲಾವಿದನಲ್ಲಿ ಅಮೂರ್ತ ಚಿತ್ರಕಲೆ ಕಲಿಯಲು ಹೋದ. ಕ್ಯಾನ್ವಾಸುಗಳನ್ನು ಬರೆದ. ಬಲ್ಲವರಿಂದ ಒಳ್ಳೆಯ ಮಾತು ಬರಲಿಲ್ಲ, ನಿಲ್ಲಿಸಿದ. ಆಧುನಿಕ ಕಲೆಯನ್ನು ಕೊಂಡು ಸಂಗ್ರಹಿಸುವುದು ಮಾತ್ರ ನಿಲ್ಲಲಿಲ್ಲ. ಆಂಡಿ ವಾರ್ಹೋಲ್ ಅವನ ಭಾವಚಿತ್ರಗಳನ್ನು ಮಾಡಿದ್ದು ಮುಂದಿನ ಮಾತು.

1981ರ ಮಾರ್ಚಿನಲ್ಲಿ ಚಾಂಗ್ ಬ್ರಸೆಲ್ಸ್‌ಗೆ ಬಂದ, ಗೆಳೆಯರು ಮತ್ತೆ ಕೂಡಿದರು. ಎರ್ಜೆ ಆಗಲೇ ಕಾಯಿಲೆಯಲ್ಲಿದ್ದ. 1983ರ ಮಾರ್ಚ್ 3ರಂದು ತೀರಿಕೊಂಡ. ಮೇಜಿನ ಮೇಲೆ ಉಳಿದದ್ದು ಕಲಾಲೋಕದ ಖೋಟಾ ಚಿತ್ರಗಳ ಸುತ್ತ ಹೆಣೆದ ‘ಆಲ್ಫ್ ಆರ್ಟ್’ ಎಂಬ ಕಥೆಯ ಕರಡು. ಡಿ ಮೂರ್‌ಗೆ ಅದನ್ನು ಮುಗಿಸುವ ಆಸೆಯಿತ್ತು, ಸಾಮರ್ಥ್ಯವೂ ಇತ್ತು. ತನ್ನ ನಂತರ ಟಿನ್‌ಟಿನ್ ಬೇರೆ ಕೈಯಲ್ಲಿ ಬೆಳೆಯಬಾರದೆಂಬ ಎರ್ಜೆಯ ಇಚ್ಛೆಯನ್ನು ಪತ್ನಿ ಫ್ಯಾನಿ ಎತ್ತಿಹಿಡಿದರು. 42 ಪುಟಗಳ ಆ ಕರಡನ್ನು 1986ರಲ್ಲಿ ಇದ್ದ ಹಾಗೆಯೇ ಪ್ರಕಟಿಸಲಾಯಿತು. ಮೊದಲ ಕೆಲವು ಪುಟಗಳಲ್ಲಿ ಚಿತ್ರಗಳು ತಕ್ಕಮಟ್ಟಿಗೆ ಮೂಡಿವೆ. ಮುಂದೆ ಹೋದಂತೆ ಮನುಷ್ಯರು ಗೀಚುಗಳಾಗುತ್ತಾರೆ. ಆದರೂ ಎರಡು ಚುಕ್ಕೆ, ಒಂದು ಬಾಗು ಸಾಕು, ಹ್ಯಾಡಕ್ ಸಿಟ್ಟಾಗಿದ್ದಾನೆಂದು ತಿಳಿಯುತ್ತದೆ. ಕೊನೆಯ ಪುಟದ ಆ ಗೀಚು ಎಷ್ಟು ಸಮರ್ಥವೆಂದು ನೋಡಲಿಕ್ಕಾಗಿಯೇ ಕಲಾವಿದ್ಯಾರ್ಥಿಗಳು ಆ ಪುಸ್ತಕವನ್ನು ಹುಡುಕಿ ತೆರೆಯಬೇಕು. ಫ್ಯಾನಿ ಅವರ ತೀರ್ಮಾನ ನನಗೆ ಬಹಳ ದೊಡ್ಡದೆಂದು ಕಾಣುತ್ತದೆ. ಮಸಿ ಹಾಕಿ ಮುಗಿಸಿದ್ದರೆ ಇನ್ನೊಂದು ಪುಸ್ತಕ ಸಿಗುತ್ತಿತ್ತು. ಅವನ ಕೈ ಯೋಚಿಸುತ್ತಿದ್ದ ರೀತಿ ಸಿಗುತ್ತಿರಲಿಲ್ಲ.

ನಮ್ಮ ನಾಡಿನಲ್ಲೂ ಗೆರೆಗಾಗಿ ಹೀಗೆ ದುಡಿದವರಿದ್ದಾರೆ. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರು ಗೆರೆಯ ಲಯವನ್ನು ಮೈಯಲ್ಲೇ ತಿಳಿಯಬೇಕೆಂದು ಕಥಕ್ ಕಲಿತರು. ಅವರ ರೇಖಾಚಿತ್ರಗಳು ‘ದಿ ಸಿಂಗಿಂಗ್ ಲೈನ್’ ಎಂಬ ಪುಸ್ತಕವಾಗಿ ಬಂದಿವೆ. ಮೈಸೂರಿನಲ್ಲಿ ಬೆಳೆದ ಆರ್.ಕೆ. ಲಕ್ಷ್ಮಣ್ ಚಿಕ್ಕಂದಿನಿಂದ ಕಾಗೆಗಳನ್ನು ಬರೆದರು, ಹೆಸರಾಂತ ವ್ಯಂಗ್ಯಚಿತ್ರಕಾರರಾದ ಮೇಲೂ ಕಾಗೆಯನ್ನು ಬಿಡಲಿಲ್ಲ. ಅಮರ ಚಿತ್ರಕಥೆಯನ್ನು ಕಟ್ಟಿದ ಅನಂತ ಪೈ ಕಾರ್ಕಳದವರು. ಆ ಮಾಲೆಯ ಮೊದಲ ಹತ್ತು ಸಂಚಿಕೆಗಳು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನಿಂದ. ‘ಸುಧಾ’, ‘ಪ್ರಜಾವಾಣಿ’ಗಳಿಗೆ ಚಂದ್ರನಾಥ ಆಚಾರ್ಯರು ಬರೆದ ಚಿತ್ರಗಳನ್ನು ನೋಡುತ್ತಾ ಕಥೆ ಓದಿದ ತಲೆಮಾರು ಈ ಸಭೆಯಲ್ಲೂ ಇದೆ.

ಬೆಲ್ಜಿಯಂನವರು 2009ರಲ್ಲಿ ಲೂವೆನ್ ಲ ನವ್ ಊರಿನಲ್ಲಿ ಎರ್ಜೆಗೆ ಒಂದು ಮ್ಯೂಸಿಯಂ ಕಟ್ಟಿದರು. ಪೆನ್ಸಿಲ್ ಹಾಳೆಗಳೂ ಅಲ್ಲಿ ಮಸಿಯ ಪುಟಗಳ ಪಕ್ಕದಲ್ಲೇ ಗೌರವದಿಂದ ಕೂತಿವೆ. ನಮ್ಮಲ್ಲಿ ಪತ್ರಿಕೆಗಳಿಗೆ, ಪಠ್ಯಪುಸ್ತಕಗಳಿಗೆ, ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆದವರ ಕರಡುಗಳು ಮನೆಗಳ ಅಟ್ಟದಲ್ಲಿ, ಟ್ರಂಕಿನಲ್ಲಿ ಇರಬಹುದು. ಈ ಸಭೆಯಲ್ಲಿ ಅಂಥ ಕಲಾವಿದರ ಮಕ್ಕಳು, ಮೊಮ್ಮಕ್ಕಳು ಇದ್ದರೆ ನನ್ನದೊಂದು ಬೇಡಿಕೆ. ಅರ್ಧಕ್ಕೆ ನಿಂತದ್ದು, ಗೀಚಿ ಬಿಟ್ಟದ್ದು ಎಂದು ಅವುಗಳನ್ನು ರದ್ದಿಗೆ ಹಾಕಬೇಡಿ. ಸುತ್ತಿ ಇಡದೆ ಚಪ್ಪಟೆಯಾಗಿಡಿ, ನಡುನಡುವೆ ಆಮ್ಲರಹಿತ ಕಾಗದ ಹಾಕಿ. ಲ್ಯಾಮಿನೇಷನ್ ಮಾಡಿಸಬೇಡಿ, ಸೆಲೋಟೇಪ್ ಅಂಟಿಸಬೇಡಿ. ಟ್ರೇಸಿಂಗ್ ಪೇಪರ್ ಬೇಗ ಒಡೆಯುತ್ತದೆ, ಅದನ್ನು ಬೇರೆಯಾಗಿಡಿ. ಗೆದ್ದಲು ಮತ್ತು ತೇವದಿಂದ ದೂರವಿಡಿ. ಹಾಳೆಯ ಹಿಂದೆ ಮೆತ್ತನೆಯ ಪೆನ್ಸಿಲ್‌ನಲ್ಲಿ, ಒತ್ತದೆ, ಬರೆದವರ ಹೆಸರು, ಯಾವ ಕಥೆಗೆ, ಯಾವ ವರ್ಷ ಎಂದು ನಿಮಗೆ ಗೊತ್ತಿರುವಷ್ಟನ್ನು ಈ ವಾರವೇ ಗುರುತು ಮಾಡಿ. ನೆನಪಿರುವ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ ಬರೆಯಿರಿ.